ತುದಿಯಿಂದ ಹಿಡಿಯುವ ಲೆಕ್ಕ: ಪ್ರೊ. ಸಿ.ಕೆ. ಪ್ರಹ್ಲಾದ್ ನೆನಪು

(ಮೈಸೂರಿನಲ್ಲಿ ವಾಣಿಜ್ಯ ಮತ್ತು ಎಂಬಿಎ ವಿದ್ಯಾರ್ಥಿಗಳು, ಸ್ವಸಹಾಯ ಸಂಘದ ಸದಸ್ಯೆಯರು, ಮಂಡ್ಯ ಕಡೆಯ ಬೆಲ್ಲದ ಉದ್ದಿಮೆಯವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಅಂಗಡಿ ಲೆಕ್ಕ ಇಲ್ಲಿ ಕೂತಿರುವ ಎಲ್ಲರಿಗೂ ಬರುತ್ತದೆ. ಅಸಲು ಎಷ್ಟು ಬಿತ್ತು, ಅದರ ಮೇಲೆ ಲಾಭ ಎಷ್ಟು ಇಡಬೇಕು, ಎರಡನ್ನೂ ಕೂಡಿದರೆ ಬೆಲೆ. ತಲೆತಲಾಂತರದಿಂದ ಹೀಗೇ ನಡೆದಿದೆ. ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಸಿ.ಕೆ. ಪ್ರಹ್ಲಾದ್ ಈ ಲೆಕ್ಕವನ್ನು ಇನ್ನೊಂದು ತುದಿಯಿಂದ ಹಿಡಿಯಿರಿ ಎಂದರು. ಕೊಳ್ಳುವವರು ಎಷ್ಟು ಕೊಡಬಲ್ಲರು ಎಂಬುದು ಮೊದಲು. ಅದರಲ್ಲಿ ನಿಮ್ಮ ಲಾಭ ಕಳೆಯಿರಿ. ಉಳಿದದ್ದು ಎಷ್ಟೋ ಅಷ್ಟರೊಳಗೆ ಮಾಲು ತಯಾರಾಗಬೇಕು. ಗಣಿತವಾಗಿ ನೋಡಿದರೆ ಎರಡೂ ಒಂದೇ ಸಮೀಕರಣ. ಆದರೆ ಮೊದಲನೆಯ ದಾರಿಯಲ್ಲಿ ಬಡವರು ಲೆಕ್ಕದ ಕೊನೆಗೆ ಬಂದು ಹೊರಗುಳಿಯುತ್ತಾರೆ. ಎರಡನೆಯದರಲ್ಲಿ ಅವರೇ ಲೆಕ್ಕದ ಮೊದಲ ಸಾಲು. ಅವರ ನಲವತ್ತು ವರ್ಷಗಳ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಇದೇ ಬೀಗದ ಕೈ ಎಂದು ನಮಗೆ ಅನಿಸುತ್ತದೆ. ಅವರನ್ನು ‘ಪಿರಮಿಡ್ಡಿನ ತಳದಲ್ಲಿ ಸಂಪತ್ತಿದೆ’ ಎಂಬ ಒಂದು ಘೋಷಣೆಗೆ ಕಟ್ಟಿಹಾಕಿ ನೆನೆಯುವುದು ಅವರಿಗೆ ಅನ್ಯಾಯ.

ಬದುಕಿನ ವಿವರ ಚುಟುಕಾಗಿ ಹೇಳಿಬಿಡುತ್ತೇವೆ. ಕೊಯಮತ್ತೂರು ಕೃಷ್ಣರಾವ್ ಪ್ರಹ್ಲಾದ್ ಹುಟ್ಟಿದ್ದು 1941ರ ಆಗಸ್ಟ್ 8ರಂದು, ಕೊಯಮತ್ತೂರಿನಲ್ಲಿ. ತುಂಬು ಸಂಸಾರ, ತಂದೆ ನ್ಯಾಯಾಧೀಶರು. ಮದರಾಸಿನ ಲೊಯೋಲ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ. ಹತ್ತೊಂಬತ್ತನೆಯ ವಯಸ್ಸಿಗೆ ಯೂನಿಯನ್ ಕಾರ್ಬೈಡ್‌ನ ಬ್ಯಾಟರಿ ಕಾರ್ಖಾನೆ ಸೇರಿ ನಾಲ್ಕು ವರ್ಷ ದುಡಿದರು. ಆಮೇಲೆ ಅಹಮದಾಬಾದಿನ ಐಐಎಂ; ಅಲ್ಲಿಂದ 1966ರಲ್ಲಿ ಹೊರಬಂದ ಮೊದಲ ತಂಡದಲ್ಲಿ ಅವರಿದ್ದರು. ಹಾರ್ವರ್ಡ್‌ನಲ್ಲಿ 1975ರಲ್ಲಿ ಡಾಕ್ಟರೇಟ್. ಬಹುರಾಷ್ಟ್ರೀಯ ಕಂಪನಿಗಳ ಆಡಳಿತದ ಮೇಲಿನ ಆ ಪ್ರಬಂಧ ಮುಗಿಸಲು ಅವರು ತೆಗೆದುಕೊಂಡದ್ದು ಎರಡೂವರೆ ವರ್ಷ. ಐಐಎಂಗೆ ಮರಳಿ ಪಾಠ ಹೇಳಿ, 1977ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದವರು ಕೊನೆಯವರೆಗೂ ಅಲ್ಲಿಯ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರಾಗಿಯೇ ಉಳಿದರು. 2009ರಲ್ಲಿ ಪದ್ಮಭೂಷಣ ಬಂತು. 2010ರ ಏಪ್ರಿಲ್ 16ರಂದು ಸ್ಯಾನ್ ಡಿಯಾಗೋದಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಅರವತ್ತೆಂಟು ವರ್ಷ ವಯಸ್ಸು.

ಕಾರ್ಖಾನೆಯ ಆ ನಾಲ್ಕು ವರ್ಷಗಳನ್ನು ಅವರ ಬಗ್ಗೆ ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ಸರಿಯಲ್ಲ. ಮುಂದೆ ಅವರು ಏನನ್ನೇ ಬರೆದರೂ ಮಾಲು ಯಾರ ಕೈಯಲ್ಲಿ, ಎಷ್ಟು ಹೊತ್ತಿನಲ್ಲಿ, ಎಷ್ಟು ವೆಚ್ಚದಲ್ಲಿ ತಯಾರಾಗುತ್ತದೆ ಎಂಬ ಕಡೆಗೇ ಅವರ ಕಣ್ಣು ಹೋಗುತ್ತಿತ್ತು.

ಗ್ಯಾರಿ ಹ್ಯಾಮೆಲ್ ಜೊತೆ 1989ರಲ್ಲಿ ಬರೆದ ಲೇಖನದಲ್ಲಿ ಕ್ಯಾನನ್ ಕಂಪನಿಯ ಪ್ರಸಂಗ ಬರುತ್ತದೆ. ಆಗ ನಕಲು ಯಂತ್ರವೆಂದರೆ ಜೆರಾಕ್ಸ್. ಆ ಕಂಪನಿ ದೊಡ್ಡ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತಿತ್ತು, ಕೆಟ್ಟರೆ ರಿಪೇರಿಗೆ ಊರೂರಿನಲ್ಲಿ ಅದರದೇ ಜನ ಇದ್ದರು. ಅಂಥ ದಂಡು ಕಟ್ಟಲು ಕ್ಯಾನನ್ ಬಳಿ ಹಣವಿರಲಿಲ್ಲ. ಅಗ್ಗದ ನಕಲು ಯಂತ್ರಕ್ಕೂ ಹಲವು ಸಾವಿರ ಡಾಲರ್ ಬೆಲೆಯಿದ್ದ ಕಾಲದಲ್ಲಿ ಕ್ಯಾನನ್ ತನ್ನ ಎಂಜಿನಿಯರುಗಳಿಗೆ ಒಂದು ಸಾವಿರ ಡಾಲರಿಗೆ ಮಾರಬಹುದಾದ ಯಂತ್ರ ಮಾಡಿ ಎಂದು ಗುರಿ ಕೊಟ್ಟಿತು. ಇದ್ದ ಯಂತ್ರದ ಒಂದೊಂದೇ ಬಿಡಿಭಾಗವನ್ನು ಅಗ್ಗ ಮಾಡುತ್ತ ಹೋದರೆ ಆ ಬೆಲೆ ಬರುವುದಿಲ್ಲ. ಹಾಗಾಗಿ ಹೆಚ್ಚು ಕೆಡುವ ಭಾಗಗಳಾದ ಡ್ರಮ್ಮು, ಶಾಯಿಪುಡಿ ಎಲ್ಲವನ್ನೂ ಒಂದೇ ಡಬ್ಬಿಗೆ ಸೇರಿಸಿದರು. ಮುಗಿದಾಗ ಡಬ್ಬಿ ಕಿತ್ತು ಹೊಸದು ಹಾಕಿದರಾಯಿತು, ರಿಪೇರಿಯವನು ಬರಬೇಕಾಗಿಲ್ಲ. ಬೆಲೆಯನ್ನು ಮೊದಲೇ ಕಟ್ಟಿಹಾಕಿದ್ದರಿಂದ ಯಂತ್ರದ ರಚನೆಯೇ ಬೇರೆಯಾಯಿತು. ಬಡವರ ಮಾರುಕಟ್ಟೆ ಕುರಿತ ಅವರ ಪುಸ್ತಕ ಬಂದದ್ದು 2004ರಲ್ಲಿ, ಆದರೆ ಅದರ ಬೀಜ ಹದಿನೈದು ವರ್ಷ ಮೊದಲೇ ಇಲ್ಲಿದೆ.

ಮರುವರ್ಷ, 1990ರಲ್ಲಿ, ಇಬ್ಬರೂ ಸೇರಿ ಬರೆದ ಇನ್ನೊಂದು ಲೇಖನ ಎಂಬಿಎ ಓದಿದವರಿಗೆಲ್ಲ ಗೊತ್ತು. ಕಂಪನಿಯನ್ನು ಮರಕ್ಕೆ ಹೋಲಿಸಿದರು. ಅಂಗಡಿಯಲ್ಲಿ ಕಾಣುವ ಮಾಲು ಎಲೆ, ಹೂವು, ಹಣ್ಣು. ಸಣ್ಣ ಕೊಂಬೆಗಳು ಬೇರೆಬೇರೆ ವಿಭಾಗಗಳು. ಕಾಂಡ ಎಂದರೆ ಎಂಜಿನ್ನಿನಂಥ ಮೂಲ ಉತ್ಪನ್ನ. ಬೇರು ಎಂದರೆ ಆ ಸಂಸ್ಥೆಯ ಜನ ಕೂಡಿ ಕಲಿತ ವಿದ್ಯೆ. ಯಾವುದು ಬೇರು, ಯಾವುದು ಅಲ್ಲ ಎಂದು ಪರೀಕ್ಷಿಸಲು ಮೂರು ಪ್ರಶ್ನೆ ಕೊಟ್ಟರು: ಈ ವಿದ್ಯೆ ಹಲವು ಮಾರುಕಟ್ಟೆಗಳ ಬಾಗಿಲು ತೆರೆಯುತ್ತದೆಯೇ? ಕೊಳ್ಳುವವರಿಗೆ ಸಿಗುವ ಪ್ರಯೋಜನದಲ್ಲಿ ಇದರ ಪಾಲು ದೊಡ್ಡದೇ? ಬೇರೆಯವರು ನಕಲು ಮಾಡುವುದು ಕಷ್ಟವೇ?

ಲೇಖನದಲ್ಲಿ ಅವರಿಬ್ಬರೂ ಕೊಟ್ಟ ಒಂದು ಉದಾಹರಣೆ ಹೋಂಡಾ ಕಂಪನಿ. ಎಂಜಿನ್ ವಿದ್ಯೆ ಒಂದೇ. ಅದರಿಂದ ಬೈಕು, ಕಾರು, ಜನರೇಟರು, ಹುಲ್ಲು ಕತ್ತರಿಸುವ ಯಂತ್ರ. ಇದನ್ನು ಮೈಸೂರಿನಲ್ಲಿ ಪಾಠ ಮಾಡುವವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು ಪಕ್ಕದಲ್ಲಿಟ್ಟು ಮಾಡಬೇಕು. 1960ರ ದಶಕದ ಆರಂಭದಿಂದ ಜೆಕ್ ಪರವಾನಗಿಯಲ್ಲಿ ಜಾವಾ, 1973ರಿಂದ ಯೆಜ್ಡಿ, ಮುಚ್ಚಿದ್ದು 1996ರಲ್ಲಿ. ಅಲ್ಲಿಯ ಕೆಲಸಗಾರರ ಕೈಚಳಕಕ್ಕೆ ಸಾಟಿಯಿರಲಿಲ್ಲ. ಆ ಗಾಡಿಗಳು ಇವತ್ತಿಗೂ ರಸ್ತೆಯಲ್ಲಿ ಓಡುತ್ತಿವೆ. ಆದರೆ ಅವುಗಳಲ್ಲಿದ್ದ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಹೊತ್ತಿಗೇ ಹೊಗೆ ಹೋಗುವ ದಾರಿಯೂ ತೆರೆದಿರುತ್ತದೆ, ಉರಿಯದ ಪೆಟ್ರೋಲು ಒಂದಿಷ್ಟು ಹೊಗೆಯ ಜೊತೆಗೇ ಹೊರಟುಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಕೂಡ ಉರಿದು ಹೊಗೆಯಾಗುತ್ತದೆ. 1985ರಲ್ಲಿ ಹೀರೋ ಹೋಂಡಾ ನೂರು ಸಿಸಿಯ ಫೋರ್ ಸ್ಟ್ರೋಕ್ ಬೈಕು ತಂದಾಗ ಸಂಬಳದವರು ಮೈಲೇಜಿನ ಕಡೆ ತಿರುಗಿದರು. ಕಾರ್ಖಾನೆ ಮುಚ್ಚಲು ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಒಳ್ಳೆಯ ಗಾಡಿ ಜೋಡಿಸುವ ವಿದ್ಯೆಯೇ ಬೇರೆ, ಮುಂದಿನ ಎಂಜಿನ್ ರೂಪಿಸುವ ವಿದ್ಯೆಯೇ ಬೇರೆ ಎಂಬುದು ಪ್ರಹ್ಲಾದರ ಮರದ ಚಿತ್ರ ಎದುರಿಗಿಟ್ಟುಕೊಂಡರೆ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು, ಮತದಾನದ ಶಾಯಿ. 1937ರಲ್ಲಿ ಶುರುವಾದ ನಮ್ಮ ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ಇದನ್ನು ಪೂರೈಸುತ್ತಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕಿಗೆ ಕಪ್ಪಾಗಿ, ಹಳೆಯ ಚರ್ಮ ಉದುರುವ ತನಕ ಉಳಿಯುತ್ತದೆ. ಮೂರು ಪ್ರಶ್ನೆ ಹಾಕಿ ನೋಡಿ. ಪ್ರಯೋಜನದಲ್ಲಿ ಇದರ ಪಾಲು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ನಕಲು ಕಷ್ಟ, ಆದರೆ ಅದು ವಿದ್ಯೆಯ ಬಲವೋ ಪರವಾನಗಿಯ ಬಲವೋ ಎಂದು ಕೇಳಬೇಕು. ಹಲವು ಮಾರುಕಟ್ಟೆಯ ಪ್ರಶ್ನೆಗೆ ಬಂದಾಗ ತರಗತಿ ತೊದಲುತ್ತದೆ. ಹಲವು ದೇಶಗಳಿಗೆ ಒಂದೇ ಮಾಲು ಕಳಿಸುವುದು ಹಲವು ಮಾರುಕಟ್ಟೆ ಎನಿಸಿಕೊಳ್ಳುವುದಿಲ್ಲ. ಮೂರನ್ನೂ ಗೆದ್ದರೆ ಮಾತ್ರ ಬೇರು. ಎರಡು ಗೆದ್ದದ್ದನ್ನು ಬೇರು ಎಂದುಕೊಂಡು ಕೂರುವುದೇ ಈ ಲೇಖನ ಓದಿದವರು ಮಾಡುವ ಸಾಮಾನ್ಯ ತಪ್ಪು.

ಈಗ ಅವರ ಹೆಸರಿಗೆ ಅಂಟಿಕೊಂಡಿರುವ ವಿಷಯಕ್ಕೆ ಬರೋಣ: ಬಡವರನ್ನು ಗಿರಾಕಿಗಳೆಂದು ಕಂಡು ಅವರಿಗೆ ತಕ್ಕ ಮಾಲು ಮಾಡಿದರೆ ಕಂಪನಿಗೂ ಲಾಭ, ಬಡವರಿಗೂ ಒಳಿತು ಎಂಬ ವಾದ. 2002ರಲ್ಲಿ ಆಲನ್ ಹ್ಯಾಮಂಡ್ ಜೊತೆ ಬರೆದ ಲೇಖನದಲ್ಲಿ ಮುಂಬೈನ ಧಾರಾವಿಯನ್ನೂ ಉಳ್ಳವರ ವಾರ್ಡನ್ ರೋಡನ್ನೂ ಎದುರುಬದುರು ಇಟ್ಟ ಒಂದು ಪಟ್ಟಿ ಇದೆ. ಸಾಲದ ಬಡ್ಡಿ ವಾರ್ಡನ್ ರೋಡಿನಲ್ಲಿ ವರ್ಷಕ್ಕೆ 12ರಿಂದ 18 ಶೇಕಡ, ಧಾರಾವಿಯಲ್ಲಿ 600ರಿಂದ 1000. ನೀರಿಗೆ ಧಾರಾವಿಯವರು ಕೊಡುತ್ತಿದ್ದದ್ದು 37 ಪಟ್ಟು, ಭೇದಿಯ ಔಷಧಿಗೆ 10 ಪಟ್ಟು, ಅಕ್ಕಿಗೂ 1.2 ಪಟ್ಟು. ಬಡವರಾಗಿರುವುದಕ್ಕೆ ತೆರುವ ದಂಡ ಎಂದು ಅವರು ಇದನ್ನು ಕರೆದರು.

600 ಶೇಕಡ ಎಂದರೆ ಅತಿಶಯ ಅನಿಸಬಹುದು. ದೇವರಾಜ ಮಾರುಕಟ್ಟೆಯಂಥ ಕಡೆ ಹೂವು, ಸೊಪ್ಪು ಮಾರುವವರು ಕೈಸಾಲ ತೆಗೆಯುವ ರೀತಿಯಲ್ಲೇ ಲೆಕ್ಕ ಹಾಕಿ. ಬೆಳಗ್ಗೆ 900 ರೂಪಾಯಿ ಕೈಗೆ, ಸಂಜೆ 1000 ವಾಪಸ್. ದಿನಕ್ಕೆ ನೂರು ರೂಪಾಯಿ, ಅಂದರೆ 11 ಶೇಕಡ. ಅದೂ ಒಂದೇ ದಿನಕ್ಕೆ. ಅದರ ಮುಂದೆ ವರ್ಷಕ್ಕೆ 600 ಶೇಕಡ ಏನೂ ಅಲ್ಲ. ದಿನದ ಗಳಿಕೆಯಲ್ಲಿ ಇಪ್ಪತ್ತು ರೂಪಾಯಿ ಎತ್ತಿಡಲು ಸಾಧ್ಯವಾದರೆ 45 ದಿನಕ್ಕೆ ಆ 900 ಅವರ ಸ್ವಂತದ್ದಾಗುತ್ತದೆ. ಎತ್ತಿಡಲು ಯಾಕೆ ಆಗುವುದಿಲ್ಲ? ಆ ನಲವತ್ತೈದು ದಿನಗಳಲ್ಲಿ ಒಂದು ದಿನ ಮಳೆ ಬಂದು ಹೂವು ಉಳಿದರೆ, ಮಗುವಿಗೆ ಜ್ವರ ಬಂದರೆ, ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಅದಕ್ಕೇ ಸ್ವಸಹಾಯ ಸಂಘದ ವಾರದ ಉಳಿತಾಯ ಚಿಕ್ಕದಾದರೂ ಬೆಲೆಯುಳ್ಳದ್ದು. ಆ ಹಣ ಮನೆಯಲ್ಲಿರುವುದಿಲ್ಲ, ಸಂಘದ ಪೆಟ್ಟಿಗೆಯಲ್ಲಿರುತ್ತದೆ.

ಬೆಲೆಯಿಂದ ಹಿಂದಕ್ಕೆ ಎಣಿಸುವುದು ಹೇಗೆ ಎಂದು ಬೆಲ್ಲದಲ್ಲಿ ಮಾಡಿ ತೋರಿಸುತ್ತೇವೆ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ನಿಮ್ಮ ಆಲೆಮನೆಯ ಅಂಕಿ ಹಾಕಿ ನೀವೇ ಮಾಡಿ. ಕೂಲಿಯವರ ಮನೆಗೆ ಹತ್ತು ರೂಪಾಯಿಯ ಬೆಲ್ಲದ ಪೊಟ್ಟಣ ಕೊಡಬೇಕು. ಅಂಗಡಿಯವರಿಗೆ 1 ರೂಪಾಯಿ, ಸಾಗಣೆಗೆ 60 ಪೈಸೆ, ನಿಮ್ಮ ಲಾಭ 1 ರೂಪಾಯಿ, ಪ್ಲಾಸ್ಟಿಕ್ ಪೊಟ್ಟಣ ಮತ್ತು ಸೀಲಿಗೆ 90 ಪೈಸೆ. ಉಳಿದದ್ದು ಆರೂವರೆ ರೂಪಾಯಿ. ಬೆಲ್ಲದ ಅಸಲು ಕಿಲೋಗೆ 52 ಎಂದುಕೊಂಡರೆ 125 ಗ್ರಾಂ ಕೊಡಬಹುದು. ಆಯಿತು ಎಂದು ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬೇಡಿ. ಹತ್ತು ರೂಪಾಯಿಗೆ 125 ಗ್ರಾಂ ಎಂದರೆ ಕಿಲೋಗೆ 80 ಬಿತ್ತು. ಸಂತೆಯಲ್ಲಿ ಇಡೀ ಅಚ್ಚು 65ಕ್ಕೆ ಸಿಗುತ್ತಿದ್ದರೆ, ನೀವು ಮಾಡಿದ್ದು ಆ ದಂಡವನ್ನೇ ಚಂದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟಂತೆ.

ಹಾಗಾದರೆ ಪೊಟ್ಟಣವನ್ನೇ ಬಿಡಿ. ಪಾಕ ಎರೆಯುವಾಗಲೇ ಸಣ್ಣ ಅಚ್ಚಿಗೆ ಎರೆದು, ಎಂಟು ಹತ್ತನ್ನು ಸೇರಿಸಿ ಒಂದು ಕಾಗದದಲ್ಲಿ ಸುತ್ತಿದರೆ ತಲಾ ಹತ್ತು ಪೈಸೆ ಸಾಕು. ಬೆಲ್ಲಕ್ಕೆ 7 ರೂಪಾಯಿ 30 ಪೈಸೆ ಸಿಕ್ಕಿತು. ಅಚ್ಚು 140 ಗ್ರಾಂ ಆಯಿತು. ಅಂದರೆ ಕಿಲೋಗೆ 71ರ ಸುಮಾರು. ಈಗ ಬೇರೆ ತೊಂದರೆ ಹುಟ್ಟಿತು: ಬೆಲ್ಲ ನೀರು ಎಳೆಯುತ್ತದೆ. ಅಚ್ಚು ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿದ ಮೈ ಹೆಚ್ಚು, ಹಾಗಾಗಿ ಮಳೆಗಾಲದಲ್ಲಿ ಸಣ್ಣ ಅಚ್ಚು ಬೇಗ ಬೆವರುತ್ತದೆ. ಬೆವರುವುದಕ್ಕೆ ಮುಖ್ಯ ಕಾರಣ ಸಕ್ಕರೆ ಒಡೆದು ಆಗುವ ಗ್ಲೂಕೋಸು, ಫ್ರಕ್ಟೋಸು. ಕಡಿದ ಕಬ್ಬು ಬಿಸಿಲಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಅದು ಏರುತ್ತದೆ. ರಸದ ಹುಳಿ ಕಳೆಯಲು ಸುಣ್ಣ ಸಾಕಷ್ಟು ಹಾಕದಿದ್ದರೂ ಏರುತ್ತದೆ. ಗಟ್ಟಿ ಅಚ್ಚಿಗೆ ಪಾಕವನ್ನು 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಇಳಿಸಬೇಕು. ಮುಂಚೆ ಇಳಿಸಿದರೆ ನೀರು ಉಳಿಯುತ್ತದೆ, ತಡವಾದರೆ ಬಣ್ಣ ಕಪ್ಪಾಗುತ್ತದೆ. ಆ ಕಪ್ಪು ಮುಚ್ಚಲು ಹೈಡ್ರಾಸ್ ಎಂಬ ಬಣ್ಣ ತೆಗೆಯುವ ರಾಸಾಯನಿಕ ಸುರಿಯುವ ಚಾಳಿ ಶುರುವಾಗುವುದು ಇಲ್ಲೇ. ಆದ್ದರಿಂದ ಹತ್ತು ರೂಪಾಯಿಯ ಅಚ್ಚು ಬೇಕಾದರೆ ಕಬ್ಬನ್ನು ಕಡಿದ ದಿನವೇ, ತಪ್ಪಿದರೆ ಮರುದಿನವೇ ಗಾಣಕ್ಕೆ ಹಾಕಬೇಕು, ಕೊಪ್ಪರಿಗೆಯ ಪಕ್ಕ ಥರ್ಮಾಮೀಟರು ಇರಬೇಕು. ಪೊಟ್ಟಣದ ಬೆಲೆಯಿಂದ ಹೊರಟ ಪ್ರಶ್ನೆ ಕಬ್ಬಿನ ಗದ್ದೆಗೆ ಹೋಗಿ ನಿಂತಿತು. ಪ್ರಹ್ಲಾದ್ ಹೇಳಿದ್ದು ಈ ಪಯಣವನ್ನು. ಸ್ಯಾಶೆ ಮಾರಿ ಎಂಬಷ್ಟಕ್ಕೆ ಅದನ್ನು ಇಳಿಸಿದವರು ಅವರನ್ನು ಅರ್ಧ ಓದಿದವರು.

ಅವರು ಆರಿಸಿಕೊಂಡ ಉದಾಹರಣೆಗಳೂ ಹೀಗೆ ಒಳಗಿನ ಕೆಲಸ ಬದಲಿಸಿದವು. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದರು. ಅಲ್ಲಿ ಒಬ್ಬ ವೈದ್ಯರ ಮುಂದೆ ಎರಡು ಮೇಜು. ಒಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ಇನ್ನೊಂದರಲ್ಲಿ ಮುಂದಿನ ರೋಗಿಯನ್ನು ದಾದಿಯರು ಸಿದ್ಧ ಮಾಡಿರುತ್ತಾರೆ; ವೈದ್ಯರು ತಿರುಗಿ ಕೂತರಾಯಿತು. ದುಬಾರಿಯಾದದ್ದು ವೈದ್ಯರ ಸಮಯ, ಅದು ಕಾಯುತ್ತ ಕೂರಬಾರದು. ಆಮೇಲೆ ಕಣ್ಣೊಳಗೆ ಇಡುವ ಮಸೂರ ತೊಡಕಾಯಿತು. ಹೊರದೇಶದ್ದು ಬಹಳ ದುಬಾರಿ. 1992ರಲ್ಲಿ ಆರೋಲ್ಯಾಬ್ ಕಟ್ಟಿ ಮಸೂರವನ್ನು ತಾವೇ ತಯಾರಿಸಿ, ಬೆಲೆಯನ್ನು ಹತ್ತು ಡಾಲರಿನ ಆಸುಪಾಸಿಗೆ ತಂದರು.

ಉಪ್ಪಿನ ಪ್ರಸಂಗ ಅಡುಗೆಮನೆಯವರಿಗೆ ಬೇಕಾದದ್ದು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು. ನಮ್ಮ ಕಾನೂನಿನಂತೆ ಉಪ್ಪು ಕೊಳ್ಳುವವರ ಕೈ ಸೇರುವಾಗ ಅದರಲ್ಲಿ ದಶಲಕ್ಷಕ್ಕೆ 15 ಭಾಗವಾದರೂ ಅಯೋಡಿನ್ ಇರಬೇಕು. ಹದಿನೈದರ ಲೆಕ್ಕದಲ್ಲಿ 10 ಗ್ರಾಂ ಉಪ್ಪಿಗೆ ಸರಿಯಾಗಿ 150 ಮೈಕ್ರೋಗ್ರಾಂ. ಆದರೆ ತೇವಕ್ಕೆ, ಸಾಗಣೆಯಲ್ಲಿ, ಸಾರು ಕುದಿಯುವಾಗ ಅಯೋಡಿನ್ ಕಳೆದುಹೋಗುತ್ತದೆ. ಹಿಂದೂಸ್ತಾನ್ ಲಿವರ್‌ನ ಸಂಶೋಧಕರು ಅಯೋಡಿನ್ನಿಗೆ ಕವಚ ಹಾಕಿ, ಅದು ಹೊಟ್ಟೆಯ ಆಮ್ಲದಲ್ಲಿ ಮಾತ್ರ ಬಿಡುಗಡೆಯಾಗುವಂತೆ ಮಾಡಿದ ಕೆಲಸವನ್ನು ಪ್ರಹ್ಲಾದರ ಪುಸ್ತಕ ವಿವರಿಸುತ್ತದೆ. ಬಡವರಿಗೆ ಎಂದಾಗ ವಿಜ್ಞಾನ ಕಡಿಮೆ ಸಾಕು ಎಂಬ ಭಾವನೆಗೆ ಇದು ಉತ್ತರ. ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಉಪ್ಪನ್ನು ಒಲೆಯ ಪಕ್ಕ ತೆರೆದ ಮರಿಗೆಯಲ್ಲಿ ಇಡಬೇಡಿ, ಸಾರು ಇಳಿಸುವ ಹೊತ್ತಿಗೆ ಹಾಕಿ.

ಅವರ ವಾದಕ್ಕೆ ಗಟ್ಟಿಯಾದ ಎದುರುವಾದ ಬಂದದ್ದು ಅವರದೇ ಕಾಲೇಜಿನಿಂದ. ಮಿಷಿಗನ್‌ನಲ್ಲೇ ಪ್ರಾಧ್ಯಾಪಕರಾಗಿದ್ದ ಅನಿಲ್ ಕರ್ನಾನಿ 2007ರಲ್ಲಿ ಬರೆದರು: ಬಡವರ ಮಾರುಕಟ್ಟೆ ಪ್ರಹ್ಲಾದ್ ಹೇಳಿದಷ್ಟು ದೊಡ್ಡದಿಲ್ಲ, ಅವರು ಕೊಡುವ ಉದಾಹರಣೆಗಳಲ್ಲಿ ಕೆಲವು ಲಾಭಕ್ಕಾಗಿ ನಡೆಯುವವಲ್ಲ, ಕೆಲವುಗಳ ಗಿರಾಕಿಗಳು ಬಡವರೇ ಅಲ್ಲ, ಬಡವರನ್ನು ಕೊಳ್ಳುವವರಾಗಿ ನೋಡುವುದಕ್ಕಿಂತ ದುಡಿದು ಮಾರುವವರಾಗಿ ನೋಡಬೇಕು, ಅವರ ಆದಾಯ ಏರಬೇಕು. ಈ ಕೊನೆಯ ಮಾತು ನಮಗೆ ಪೂರ್ತಿ ಒಪ್ಪಿಗೆ. ಸಣ್ಣ ಪೊಟ್ಟಣ ಕೈಯಲ್ಲಿರುವ ಚಿಲ್ಲರೆಗೆ ಒಗ್ಗುತ್ತದೆ, ಆದರೆ ಅದರಿಂದಲೇ ದರ ಇಳಿಯುವುದಿಲ್ಲ. ಶಾಂಪೂ ಮಾತ್ರ ಬೇರೆ. ನಮ್ಮಲ್ಲಿ ಎಷ್ಟೋ ಸಲ ಬಾಟಲಿಗಿಂತ ಸ್ಯಾಶೆಯೇ ಮಿಲಿಲೀಟರಿಗೆ ಅಗ್ಗ. ಅದರ ಬೆಲೆಯನ್ನು ಚರಂಡಿ ತೆರುತ್ತದೆ. ಸ್ಯಾಶೆಯ ಹಾಳೆಯಲ್ಲಿ ಬೇರೆಬೇರೆ ವಸ್ತುಗಳ ಪದರ ಅಂಟಿಸಿರುವುದರಿಂದ ಬಿಡಿಸಿ ಮರುಬಳಕೆ ಮಾಡುವುದು ಕಷ್ಟ, ಗುಜರಿಯವರು ಮುಟ್ಟುವುದಿಲ್ಲ.

ಸಾಲದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 12 ಶೇಕಡ ಫ್ಲಾಟ್ ಬಡ್ಡಿಗೆ 10,000 ರೂಪಾಯಿ ಸಾಲ, ತಿಂಗಳಿಗೆ 933ರಂತೆ ಹನ್ನೆರಡು ಕಂತು. ಪ್ರತಿ ಕಂತಿಗೂ ಅಸಲು ತೀರುತ್ತ ಬರುತ್ತದೆ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ ಹತ್ತು ಸಾವಿರದ ಮೇಲೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ 21 ಶೇಕಡ ದಾಟುತ್ತದೆ. ಸಹಿ ಹಾಕುವ ಮುಂಚೆ ಫ್ಲಾಟೋ, ಇಳಿಯುವ ಅಸಲಿನ ಮೇಲೋ ಎಂದು ಒಂದು ಮಾತು ಕೇಳಿ. ಕಿರುಸಾಲದ ವಸೂಲಿಯ ಹಾವಳಿ ಮಿತಿಮೀರಿ, ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಬಲವಂತದ ವಸೂಲಿ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಕಂಪನಿಗಳು ಬಡವರ ಬಳಿಗೆ ಹೋದರೆ ಗೌರವವೂ ಜೊತೆಗೆ ಹೋಗುತ್ತದೆ ಎಂದು ಪ್ರಹ್ಲಾದ್ ನಂಬಿದ್ದರು. ಆ ನಂಬಿಕೆ ಅಷ್ಟು ಸಲೀಸಲ್ಲ ಎಂದು ಅವರನ್ನು ಪ್ರೀತಿಸುವವರೇ ಹೇಳಬೇಕು.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಕೆಲಸ. 2004ರ ಆ ಪುಸ್ತಕದ ಪ್ರಕರಣಗಳನ್ನು ಸಿದ್ಧ ಮಾಡಿದವರು ಮಿಷಿಗನ್‌ನ ಎಂಬಿಎ ವಿದ್ಯಾರ್ಥಿಗಳು. ನೀವೂ ಮಾಡಬಹುದು. ಉದ್ದಿಮೆಯ ಚರಿತ್ರೆ ಬರೆಯಬೇಡಿ. ಒಬ್ಬರು, ಒಂದು ದಿನ, ಒಂದು ತೀರ್ಮಾನ. ಆ ದಿನದವರೆಗೆ ಅವರಿಗೆ ಏನು ಗೊತ್ತಿತ್ತೋ ಅಷ್ಟೇ ಇರಲಿ, ಆಮೇಲೆ ಏನಾಯಿತು ಎಂಬುದು ಬೇಡ. ಮಲ್ಲಿಗೆ ಮಾರುವವರನ್ನು ತೆಗೆದುಕೊಳ್ಳಿ. ಮೊಗ್ಗು ಕೊಳ್ಳುವುದು ಕಿಲೋದಲ್ಲಿ, ಮಾರುವುದು ಮಾರು, ಮೊಳದಲ್ಲಿ. ಒಂದು ಕಿಲೋಗೆ ಎಷ್ಟು ಮಾರು ಬರುತ್ತದೆ ಎಂದು ಬಾಯಿಮಾತಿನಲ್ಲಿ ಕೇಳಿ ಬರೆದುಕೊಂಡರೆ ಪ್ರಕರಣ ಅಲ್ಲೇ ಕೆಟ್ಟಿತು. ಕಟ್ಟುವವರ ಕೈಯಂತೆ, ಅಳೆಯುವವರ ತೋಳಿನಂತೆ ಅದು ಬದಲಾಗುತ್ತದೆ. ನೀವೇ ತೂಗಿ, ನೀವೇ ಟೇಪು ಹಿಡಿದು ಅಳೆಯಿರಿ, ಅದೂ ಮೂರು ದಿನ. ಸಂಜೆ ಉಳಿದದ್ದನ್ನು ಎಷ್ಟಕ್ಕೆ ಕೊಟ್ಟರು, ಎಷ್ಟು ಎಸೆದರು ಎಂದು ಬೇರೆ ಬರೆಯಿರಿ. ಮನೆಯಲ್ಲಿ ಕೂತು ಹೂವು ಕಟ್ಟುವ ಮಗಳ ಗಂಟೆಗಳನ್ನೂ ಬರೆಯಿರಿ. ಅದಕ್ಕೆ ಕೂಲಿ ಹಾಕದೆ ಲಾಭ ತೋರಿಸಿದ ಪ್ರಕರಣಗಳೇ ಹೆಚ್ಚು. ಆ ಲಾಭ ಆ ಹುಡುಗಿಯದು. ಗೆದ್ದವರನ್ನಷ್ಟೇ ಮಾತಾಡಿಸಬೇಡಿ, ವ್ಯಾಪಾರ ಬಿಟ್ಟ ಒಬ್ಬರನ್ನಾದರೂ ಹುಡುಕಿ. ಅವರ ಒಪ್ಪಿಗೆ ಬರಹದಲ್ಲಿ ಪಡೆದು, ಹೆಸರು ಬದಲಿಸಿ. ಕೊನೆಗೆ ಉತ್ತರ ಬರೆಯಬೇಡಿ. ತರಗತಿಯಲ್ಲಿ ಮೇಷ್ಟ್ರ ಮೊದಲ ಪ್ರಶ್ನೆ "ಅವರ ಜಾಗದಲ್ಲಿ ನೀವಿದ್ದರೆ ನಾಳೆ ಎಷ್ಟು ಕಿಲೋ ಕೊಳ್ಳುತ್ತೀರಿ, ಯಾಕೆ?" ಎಂದಿರಲಿ, ಆಮೇಲೆ ಅವರು ಸುಮ್ಮನಿರಲಿ.

ಬೇಕಾದದ್ದು ಒಂದು ತಕ್ಕಡಿ, ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು. ಬೆಳಗ್ಗೆ ಮೊಗ್ಗು ಬುಟ್ಟಿಗೆ ಬೀಳುವ ಮುಂಚೆ ಅಲ್ಲಿರಬೇಕು, ಆ 900 ರೂಪಾಯಿ ಕೈ ಬದಲಾಯಿಸುವುದು ಆಗಲೇ.